ಸಾಂಬ್ರಾದಿಂದ ಎಷ್ಟು ದೂರ, ಎಷ್ಟು ತಾಸು? ವಿಮಾನದ ಅಂತರ ಮತ್ತು ಪ್ರಯಾಣದ ಸಮಯ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಬೆಳಗಾವಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದರೆ ಸುಮಾರು 500 ಕಿ.ಮೀ. ಬೆಳಗಾವಿಯ ವಿಮಾನ ನಿಲ್ದಾಣವಾದ ಸಾಂಬ್ರಾದಿಂದ ವಿಮಾನದಲ್ಲಿ ಎಷ್ಟು ಎಂದು ಟಿಕೆಟ್ ಹೇಳುವುದಿಲ್ಲ. ಅದರಲ್ಲಿ ಇರುವುದು ಹೊರಡುವ ಮತ್ತು ತಲುಪುವ ಗಳಿಗೆ ಮಾತ್ರ. ಅದೂ ಒಂದು ವಿಮಾನಕ್ಕೆ 1 ತಾಸು 10 ನಿಮಿಷ ಇದ್ದರೆ ಇನ್ನೊಂದಕ್ಕೆ 1 ತಾಸು 25 ನಿಮಿಷ ಇರುತ್ತದೆ. ಎರಡು ನಿಲ್ದಾಣಗಳ ನಡುವಿನ ದೂರ ಎಂದೂ ಬದಲಾಗುವುದಿಲ್ಲ, ಅದು ಭೂಗೋಳದ ಲೆಕ್ಕ. ಸಮಯ ಹಾಗಲ್ಲ. ಯಾವ ವಿಮಾನ, ಎಂಥ ಗಾಳಿ, ಯಾವ ರನ್‌ವೇ, ಎಷ್ಟು ದಟ್ಟಣೆ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಆದ್ದರಿಂದ ಮೊದಲು ದೂರ ತೆಗೆದು, ಆಮೇಲೆ ಸಮಯವನ್ನು ತುಂಡು ತುಂಡಾಗಿ ಕೂಡಿಸಬೇಕು. ಬಾಗಲಕೋಟೆ, ವಿಜಯಪುರದವರಿಗೆ ಇನ್ನೊಂದು ತುಂಡು ಉಂಟು: ಮನೆಯಿಂದ ನಿಲ್ದಾಣದ ದಾರಿ. ಎಷ್ಟೋ ಸಲ ಎಲ್ಲಕ್ಕಿಂತ ದೊಡ್ಡ ತುಂಡು ಅದೇ.

ಬೇಕಾದ ಸಾಮಾನು: ಸೈನ್, ಕಾಸ್ ಇರುವ ಕ್ಯಾಲ್ಕುಲೇಟರ್ (ಮೊಬೈಲ್ ಅಡ್ಡ ಹಿಡಿದರೆ ಸಾಮಾನ್ಯವಾಗಿ ಸಿಗುತ್ತದೆ), ಒಂದು ಹಾಳೆ, ಪೆನ್ನು.

ಮೊದಲ ಹಂತ: ನಿಲ್ದಾಣ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಊರಿನ ಹೆಸರು ಸಾಲದು. ಗೋವಾ ಎಂದರೆ ದಾಬೋಳಿಯೂ ಆಗಬಹುದು, ಮೋಪಾ ಕೂಡ ಆಗಬಹುದು. ಇವೆರಡರ ನಡುವೆ ನೇರ ಗೆರೆಯಲ್ಲೇ ಸುಮಾರು 40 ಕಿ.ಮೀ. ಅಂತರವಿದೆ. ಟಿಕೆಟ್‌ನಲ್ಲಿರುವ ಮೂರು ಅಕ್ಷರದ ಕೋಡ್ ನೋಡಿ: ದಾಬೋಳಿಗೆ ಜಿಒಐ, ಮೋಪಾಕ್ಕೆ ಜಿಒಎಕ್ಸ್. ಬೆಳಗಾವಿಯದು ಐಎಕ್ಸ್‌ಜಿ, ಹುಬ್ಬಳ್ಳಿಯದು ಎಚ್‌ಬಿಎಕ್ಸ್, ಕಲಬುರಗಿಯದು ಜಿಬಿಐ, ಬೆಂಗಳೂರಿನದು ಬಿಎಲ್‌ಆರ್.

ಲೆಕ್ಕಕ್ಕೆ ನಗರದ ಮಧ್ಯಭಾಗವನ್ನು ಹಿಡಿಯಬೇಡಿ. ಬೆಳಗಾವಿಯ ನಿಲ್ದಾಣ ಊರಿನಿಂದ ಪೂರ್ವಕ್ಕೆ ಸುಮಾರು 10 ಕಿ.ಮೀ. ದೂರದ ಸಾಂಬ್ರಾದಲ್ಲಿದೆ, ಬೆಂಗಳೂರಿನದು ಮೆಜೆಸ್ಟಿಕ್‌ನಿಂದ 30 ಕಿ.ಮೀ.ಗೂ ಆಚೆ, ದೇವನಹಳ್ಳಿ ಹತ್ತಿರ. ಊರಿಂದ ಊರಿಗೆ ಅಳೆದರೆ ಇಷ್ಟು ಸಣ್ಣ ಹಾರಾಟದಲ್ಲಿ ಹತ್ತಾರು ಕಿ.ಮೀ. ಆಚೀಚೆ ಆಗುತ್ತದೆ.

ಎರಡನೆಯ ಹಂತ: ಅಕ್ಷಾಂಶ, ರೇಖಾಂಶ ತೆಗೆಯಿರಿ

ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ರನ್‌ವೇ ನಡುವೆ ಮೌಸ್‌ನ ಬಲಗುಂಡಿ ಒತ್ತಿದರೆ ಮೇಲಿನ ಸಾಲಿನಲ್ಲಿ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ಕರ್ನಾಟಕದಲ್ಲಿ ಅಕ್ಷಾಂಶ 11ರಿಂದ 19ರೊಳಗೆ, ರೇಖಾಂಶ 74ರಿಂದ 79ರೊಳಗೆ ಇರುತ್ತದೆ. ಅದಲು ಬದಲಾಗಿದ್ದರೆ ಇದರಿಂದಲೇ ಗೊತ್ತಾಗುತ್ತದೆ.

ಈ ಮಾರ್ಗದರ್ಶಿಯಲ್ಲಿ ಬಳಸುವ ಅಂಕಿಗಳು ಇವು, ಎಲ್ಲವೂ ದಶಾಂಶ ಡಿಗ್ರಿಯಲ್ಲಿ:

ಬೆಳಗಾವಿ (ಸಾಂಬ್ರಾ): 15.859 ಉತ್ತರ, 74.618 ಪೂರ್ವ
ಬೆಂಗಳೂರು: 13.199 ಉತ್ತರ, 77.706 ಪೂರ್ವ
ಮುಂಬೈ: 19.089 ಉತ್ತರ, 72.868 ಪೂರ್ವ
ಹೈದರಾಬಾದ್ (ಶಂಶಾಬಾದ್): 17.240 ಉತ್ತರ, 78.429 ಪೂರ್ವ
ದೆಹಲಿ: 28.567 ಉತ್ತರ, 77.103 ಪೂರ್ವ
ದುಬೈ: 25.253 ಉತ್ತರ, 55.364 ಪೂರ್ವ
ಲಂಡನ್ ಹೀಥ್ರೂ: 51.470 ಉತ್ತರ, 0.454 ಪಶ್ಚಿಮ

ಅತಿ ಹೆಚ್ಚು ಜನ ಎಡವುವ ಜಾಗ ಇದೇ. ಕೆಲವು ಕಡೆ ಸಾಂಬ್ರಾದ ಅಕ್ಷಾಂಶವನ್ನು 15 ಡಿಗ್ರಿ 51 ಮಿನಿಟು 33 ಸೆಕೆಂಡು ಎಂದು ಕೊಟ್ಟಿರುತ್ತಾರೆ. ಅದನ್ನು ನೇರವಾಗಿ 15.5133 ಎಂದು ಬರೆದರೆ ಕೆಟ್ಟಿತು. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಿಸಬೇಕು: 51 ಭಾಗಿಸು 60 ಅಂದರೆ 0.85, 33 ಭಾಗಿಸು 3600 ಅಂದರೆ 0.009, ಒಟ್ಟು 15.859. ತಪ್ಪಾಗಿ ಬರೆದವರ ವಿಮಾನ ನಿಲ್ದಾಣ ಸುಮಾರು 38 ಕಿ.ಮೀ. ದಕ್ಷಿಣಕ್ಕೆ ಸರಿದು ಖಾನಾಪುರದ ಕಡೆಯ ಕಾಡಿನ ಅಕ್ಷಾಂಶಕ್ಕೆ ಹೋಗಿ ಕೂರುತ್ತದೆ.

ಮೂರನೆಯ ಹಂತ: ದೂರದ ಲೆಕ್ಕ

ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಪೂರ್ವ ಪಶ್ಚಿಮವಾಗಿ ಅಷ್ಟು ಇರುವುದಿಲ್ಲ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಕೂಡಿಕೊಳ್ಳುತ್ತವೆ, ಹಾಗಾಗಿ 111.2ನ್ನು ಅಕ್ಷಾಂಶದ ಕಾಸ್‌ನಿಂದ ಗುಣಿಸಬೇಕು.

ದೇಶದೊಳಗಿನ ಹಾರಾಟಕ್ಕೆ ಸರಳ ವಿಧಾನ ಸಾಕು. ಬೆಳಗಾವಿ–ಬೆಂಗಳೂರು ತೆಗೆದುಕೊಳ್ಳಿ.

ಅಕ್ಷಾಂಶದ ವ್ಯತ್ಯಾಸ: 15.859ರಲ್ಲಿ 13.199 ಕಳೆದರೆ 2.660. ಇದನ್ನು 111.2ರಿಂದ ಗುಣಿಸಿದರೆ 295.8 ಕಿ.ಮೀ.
ಎರಡೂ ಅಕ್ಷಾಂಶಗಳ ಸರಾಸರಿ 14.529. ಇದರ ಕಾಸ್ 0.968.
ರೇಖಾಂಶದ ವ್ಯತ್ಯಾಸ: 77.706ರಲ್ಲಿ 74.618 ಕಳೆದರೆ 3.088. ಗುಣಿಸು 111.2, ಗುಣಿಸು 0.968: 332.4 ಕಿ.ಮೀ.
ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 445 ಕಿ.ಮೀ.

ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವೇ ಇದು, 295.8 ಮತ್ತು 332.4 ಅದರ ಎರಡು ಬಾಹುಗಳು, ವಿಮಾನದ ದಾರಿ ಕರ್ಣ. ಇದೇ ರೀತಿ ಸಾಂಬ್ರಾದಿಂದ ಮುಂಬೈಗೆ 404, ಹೈದರಾಬಾದಿಗೆ 434, ದೆಹಲಿಗೆ 1,436 ಕಿ.ಮೀ. ಬರುತ್ತದೆ. ನೀವೂ ಒಂದನ್ನು ಮಾಡಿ ತಾಳೆ ನೋಡಿ. ಮುಂಬೈಗೆ ಸರಾಸರಿ ಅಕ್ಷಾಂಶದ ಕಾಸ್ 0.954.

ದೂರದ ದೇಶಗಳಿಗೆ ಈ ತ್ರಿಭುಜ ಕೈಕೊಡುತ್ತದೆ, ಯಾಕೆಂದರೆ ನೆಲ ಚಪ್ಪಟೆ ಎಂದೇ ಅದು ನಂಬುತ್ತದೆ. ಬೆಂಗಳೂರು–ದುಬೈಗೆ ಸರಳ ವಿಧಾನದಲ್ಲಿ 2,702, ಸರಿಯಾದ ವಿಧಾನದಲ್ಲಿ 2,695. ಏಳು ಕಿ.ಮೀ. ಏನೂ ಅಲ್ಲ. ಆದರೆ ಬೆಂಗಳೂರು–ಲಂಡನ್‌ಗೆ ಸರಳ ವಿಧಾನ 8,488 ತೋರಿಸುತ್ತದೆ, ನಿಜವಾದ ಅಂತರ ಸುಮಾರು 8,046. ಅಲ್ಲಿಗೆ 440 ಕಿ.ಮೀ. ಹೆಚ್ಚುವರಿ, ಅಂದರೆ ಬೆಳಗಾವಿಯಿಂದ ಬೆಂಗಳೂರಿನಷ್ಟು ದೂರ! ಕೊಲ್ಲಿ ದೇಶಗಳನ್ನು ದಾಟಿ ಹೋಗುವುದಾದರೆ ಮಹಾವೃತ್ತದ ಸೂತ್ರವನ್ನೇ ಬಳಸಿ.

ಮಹಾವೃತ್ತ ಎಂದರೆ ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ. ತೆಂಗಿನಕಾಯಿ ಮೇಲೆ ಎರಡು ಚುಕ್ಕೆ ಇಟ್ಟು ದಾರವನ್ನು ಬಿಗಿಯಾಗಿ ಎಳೆದರೆ ಅದು ಹಿಡಿಯುವ ದಾರಿಯೇ ಅದು. ಗೋಡೆ ನಕಾಶೆಯ ಮೇಲೆ ಈ ದಾರಿ ಉತ್ತರಕ್ಕೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ವಿಮಾನ ಸುತ್ತು ಹಾಕುತ್ತಿದೆ ಎಂದು ಅನ್ನಿಸಿದರೂ ಅದೇ ಹತ್ತಿರದ್ದು.

ಬೆಂಗಳೂರು–ಲಂಡನ್‌ಗೆ ಸೂತ್ರದ ಮೆಟ್ಟಿಲು ಇವು. ಮೊದಲು ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಪರಸ್ಪರ ಗುಣಿಸಿ: 0.2283 ಗುಣಿಸು 0.7823, ಅಂದರೆ 0.1786. ಆಮೇಲೆ ಎರಡೂ ಅಕ್ಷಾಂಶಗಳ ಕಾಸ್‌ಗಳನ್ನು ಗುಣಿಸಿ, ಅದಕ್ಕೆ ರೇಖಾಂಶ ವ್ಯತ್ಯಾಸದ ಕಾಸ್ ಗುಣಿಸಿ. ಲಂಡನ್ ಶೂನ್ಯ ಗೆರೆಯ ಪಶ್ಚಿಮಕ್ಕಿದೆ, ಆದ್ದರಿಂದ ಇಲ್ಲಿ ಕಳೆಯದೆ ಕೂಡಿಸಬೇಕು: 77.706 ಮತ್ತು 0.454 ಸೇರಿ 78.160. ಗುಣಲಬ್ಧ 0.1244. ಎರಡನ್ನೂ ಕೂಡಿಸಿದರೆ 0.3030. ಇದಕ್ಕೆ ಕಾಸ್ ವಿಲೋಮ (cos⁻¹ ಗುಂಡಿ) ಒತ್ತಿದರೆ 72.36 ಡಿಗ್ರಿ. 111.2ರಿಂದ ಗುಣಿಸಿ: 8,046 ಕಿ.ಮೀ.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಇಲ್ಲದೆ ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ) ಇರುವುದು. 60ರ ಕಾಸ್ ಒತ್ತಿ ನೋಡಿ, 0.5 ಬಂದರೆ ಡಿಗ್ರಿಯಲ್ಲಿದೆ. ಎಕ್ಸೆಲ್ ಹಾಳೆ ಯಾವಾಗಲೂ ರೇಡಿಯನ್ ಕೇಳುತ್ತದೆ, ಅಲ್ಲಿ ಪ್ರತಿ ಕೋನವನ್ನೂ 57.2958ರಿಂದ ಭಾಗಿಸಿ ಹಾಕಬೇಕು, ಕೊನೆಯ ಉತ್ತರವನ್ನು ಅದರಿಂದಲೇ ಗುಣಿಸಬೇಕು. ಎರಡು, ಹತ್ತಿರದ ಊರಿಗೆ ಈ ಸೂತ್ರ ಬಳಸಿ ದಶಾಂಶ ಕತ್ತರಿಸುವುದು. ಬೆಳಗಾವಿ–ಕೊಲ್ಹಾಪುರ ನೇರ ಅಂತರ 96 ಕಿ.ಮೀ.; ಮೊತ್ತ 0.999886 ಬರುತ್ತದೆ. ಅದನ್ನು 0.9999 ಎಂದು ದುಂಡಗೆ ಮಾಡಿದರೆ ಉತ್ತರ 90ಕ್ಕೆ ಇಳಿಯುತ್ತದೆ. ಹತ್ತಿರದ್ದಕ್ಕೆ ತ್ರಿಭುಜ, ದೂರದ್ದಕ್ಕೆ ಮಹಾವೃತ್ತ: ಹೀಗೆ ಹಂಚಿಕೊಂಡರೆ ಎರಡೂ ತೊಂದರೆ ತಪ್ಪುತ್ತವೆ.

ಉತ್ತರವನ್ನು ತಾಳೆ ನೋಡಲು ಗೂಗಲ್ ಮ್ಯಾಪ್ಸ್‌ನಲ್ಲಿ ಅದೇ ಬಲಗುಂಡಿಯ ಪಟ್ಟಿಯಲ್ಲಿರುವ ‘ಮೆಷರ್ ಡಿಸ್ಟೆನ್ಸ್’ ಒತ್ತಿ ಇನ್ನೊಂದು ನಿಲ್ದಾಣದ ಮೇಲೆ ಕ್ಲಿಕ್ ಮಾಡಿ. ಭೂಮಿ ಪೂರ್ತಿ ಗೋಳವಲ್ಲ, ಧ್ರುವಗಳಲ್ಲಿ ಕೊಂಚ ಅದುಮಿದೆ. ಹಾಗಾಗಿ ಅರ್ಧ ಶೇಕಡಾದೊಳಗಿನ ವ್ಯತ್ಯಾಸ ಸಹಜ.

ಮೈಲಿಯ ಗೊಂದಲವೂ ಒಂದಿದೆ. ವಿಮಾನದವರು ಬಳಸುವ ನಾಟಿಕಲ್ ಮೈಲಿ ಸರಿಯಾಗಿ 1.852 ಕಿ.ಮೀ., ಸಾಮಾನ್ಯ ಮೈಲಿ 1.609 ಕಿ.ಮೀ. ನಮ್ಮ 445 ಕಿ.ಮೀ. ಎಂದರೆ 240 ನಾಟಿಕಲ್ ಮೈಲಿ, 277 ಸಾಮಾನ್ಯ ಮೈಲಿ. ಅಂತರ್ಜಾಲದಲ್ಲಿ 240 ಎಂದು ಕಂಡು ಅದನ್ನು 1.609ರಿಂದ ಗುಣಿಸಿದರೆ 386 ಕಿ.ಮೀ. ಆಗಿ, ಹಾದಿ ಅರವತ್ತು ಕಿ.ಮೀ. ಕುಗ್ಗಿಬಿಡುತ್ತದೆ. ವೇಗಕ್ಕೆ ಹೇಳುವ ನಾಟ್ ಎಂದರೆ ತಾಸಿಗೆ ಒಂದು ನಾಟಿಕಲ್ ಮೈಲಿ.

ನಾಲ್ಕನೆಯ ಹಂತ: ಹಾರಾಟದ ಸಮಯ

ಟಿಕೆಟ್‌ನಲ್ಲಿ ಇರುವುದು ಗಾಳಿಯಲ್ಲಿರುವ ಸಮಯವಲ್ಲ, ಬ್ಲಾಕ್ ಟೈಮ್. ಗಾಲಿಗೆ ಕೊಟ್ಟ ಅಡ್ಡಗಟ್ಟಿ ತೆಗೆದು ವಿಮಾನ ಜಾಗ ಬಿಟ್ಟಾಗಿನಿಂದ, ಇಳಿದು ನಿಂತು ಮತ್ತೆ ಗಟ್ಟಿ ಕೊಡುವವರೆಗೆ. ಇದರಲ್ಲಿ ನೆಲದ ಮೇಲೆ ಉರುಳುವುದು, ಏರುವುದು, ಸಮತಟ್ಟಾಗಿ ಹಾರುವುದು, ಇಳಿಯುವುದು ಎಲ್ಲಾ ಸೇರಿವೆ. ದೂರವನ್ನು ಬರೀ ವೇಗದಿಂದ ಭಾಗಿಸಿದವರ ಉತ್ತರ ಅರ್ಧ ತಾಸು ಕಡಿಮೆ ಬರುವುದು ಇದಕ್ಕೇ. ಏರುವಾಗ ಇಳಿಯುವಾಗ ವಿಮಾನ ಪೂರ್ತಿ ವೇಗದಲ್ಲಿ ಇರುವುದಿಲ್ಲ, ನಿಲ್ದಾಣದ ಹತ್ತಿರ ನೇರ ಗೆರೆಯಲ್ಲೂ ಹೋಗುವುದಿಲ್ಲ.

ಆದ್ದರಿಂದ ಮೊದಲು ವಿಮಾನದ ಮಾದರಿ ನೋಡಿ. ಬುಕಿಂಗ್ ವಿವರದಲ್ಲಿ ಇರುತ್ತದೆ.

ಎಟಿಆರ್ 72: ರೆಕ್ಕೆಯ ಮೇಲೆ ಎರಡು ಫ್ಯಾನ್ ತಿರುಗುವ ಟರ್ಬೊಪ್ರಾಪ್. ಗರಿಷ್ಠ ವೇಗ ತಾಸಿಗೆ ಸುಮಾರು 510 ಕಿ.ಮೀ. ದೂರವನ್ನು 480ರಿಂದ ಭಾಗಿಸಿ 25 ನಿಮಿಷ ಕೂಡಿಸಿ.

ಏರ್‌ಬಸ್ 320, ಬೋಯಿಂಗ್ 737, ಎಂಬ್ರೇಯರ್‌ನಂಥ ಜೆಟ್: ಮ್ಯಾಕ್ 0.78ರಲ್ಲಿ (ಅಂದರೆ ಶಬ್ದದ ವೇಗದ 0.78 ಪಟ್ಟು), 35,000 ಅಡಿ ಎತ್ತರದಲ್ಲಿ ತಾಸಿಗೆ ಸುಮಾರು 830 ಕಿ.ಮೀ. ದೂರವನ್ನು 800ರಿಂದ ಭಾಗಿಸಿ 35 ನಿಮಿಷ ಕೂಡಿಸಿ. ದೆಹಲಿ, ಮುಂಬೈಯಂಥ ದಟ್ಟಣೆಯ ನಿಲ್ದಾಣಕ್ಕೆ 40.

ಬೆಂಗಳೂರಿಗೆ ಎಟಿಆರ್‌ನಲ್ಲಿ: 445 ಭಾಗಿಸು 480 ಅಂದರೆ 56 ನಿಮಿಷ, ಜೊತೆಗೆ 25, ಒಟ್ಟು 1 ತಾಸು 21 ನಿಮಿಷ. ಜೆಟ್‌ನಲ್ಲಿ: 33 ನಿಮಿಷ, ಜೊತೆಗೆ 35, ಒಟ್ಟು 1 ತಾಸು 8 ನಿಮಿಷ. ಜೆಟ್‌ನ ವೇಗ ಒಂದೂವರೆ ಪಟ್ಟಿಗೂ ಹೆಚ್ಚು, ಆದರೂ ಉಳಿದದ್ದು 13 ನಿಮಿಷ ಮಾತ್ರ. ಸಣ್ಣ ದೂರದಲ್ಲಿ ಜೆಟ್ ಎತ್ತರಕ್ಕೆ ಏರಿ ಮುಗಿಸುವಷ್ಟರಲ್ಲೇ ಇಳಿಯಲು ಶುರು ಮಾಡಬೇಕಾಗುತ್ತದೆ. ಬೆಂಗಳೂರಿಗೆ ಹೋಗುವವರು ಎಟಿಆರ್ ಎಂದು ಹಿಂಜರಿಯಬೇಕಿಲ್ಲ. ಹೊರಡುವ ಹೊತ್ತು ಅನುಕೂಲವಿದ್ದರೆ ಅದನ್ನೇ ಹಿಡಿಯಿರಿ.

ದೆಹಲಿಗೆ ಜೆಟ್: 1,436 ಭಾಗಿಸು 800 ಅಂದರೆ 1 ತಾಸು 48 ನಿಮಿಷ, ಜೊತೆಗೆ 40, ಒಟ್ಟು 2 ತಾಸು 28 ನಿಮಿಷ. ವೇಳಾಪಟ್ಟಿಯಲ್ಲಿ ಇದಕ್ಕಿಂತ ಹತ್ತು ಹದಿನೈದು ನಿಮಿಷ ಹೆಚ್ಚು ಕಂಡರೆ ಅಚ್ಚರಿ ಬೇಡ. ಸಮಯಕ್ಕೆ ತಲುಪಿದ ಲೆಕ್ಕ ಕೆಡದಿರಲಿ ಎಂದು ವಿಮಾನ ಕಂಪನಿಗಳು ಒಂದಿಷ್ಟು ಸಡಿಲ ಬಿಟ್ಟೇ ಬರೆಯುತ್ತವೆ.

ಐದನೆಯ ಹಂತ: ಗಾಳಿ ಮತ್ತು ರನ್‌ವೇ

ವಿಮಾನದ ವೇಗ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಚಲಿಸುತ್ತಿದ್ದರೆ ನೆಲದ ಮೇಲಿನ ವೇಗ ಬದಲಾಗುತ್ತದೆ. ಎದುರು ಗಾಳಿ ಕಳೆಯಿರಿ, ಬೆನ್ನ ಗಾಳಿ ಕೂಡಿಸಿ.

ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಜೋರಾದ ಗಾಳಿ ಬೀಸುತ್ತದೆ. ಬೆಳಗಾವಿ–ದೆಹಲಿ ದಾರಿ ಹೆಚ್ಚು ಕಡಿಮೆ ನೇರ ಉತ್ತರಕ್ಕಿದೆ, ಹೀಗಾಗಿ ಈ ಗಾಳಿ ಅಡ್ಡ ಬರುತ್ತದೆ. ಅಡ್ಡ ಗಾಳಿ ತಾಸಿಗೆ 150 ಕಿ.ಮೀ. ಇದ್ದರೂ 830 ವೇಗ 816ಕ್ಕೆ ಇಳಿಯುತ್ತದೆ, ಅಷ್ಟೇ. ಹೋಗುವಾಗಲೂ ಅಷ್ಟೇ ನಷ್ಟ, ಬರುವಾಗಲೂ ಅಷ್ಟೇ. ಪೂರ್ವ ಪಶ್ಚಿಮ ದಾರಿಯಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಂಗಳೂರಿನಿಂದ ದುಬೈಗೆ ಹಾದಿಯ ತಿರುವು ಸೇರಿ 2,800 ಕಿ.ಮೀ. ಎಂದೂ, ಪಶ್ಚಿಮದ ಗಾಳಿ ಸರಾಸರಿ 50 ಎಂದೂ ಇಟ್ಟುಕೊಳ್ಳಿ. ಹೋಗುವಾಗ 2,800 ಭಾಗಿಸು 780, ಅಂದರೆ 3 ತಾಸು 35 ನಿಮಿಷ. ಬರುವಾಗ 2,800 ಭಾಗಿಸು 880, ಅಂದರೆ 3 ತಾಸು 11 ನಿಮಿಷ. ಅದೇ ವಿಮಾನಕ್ಕೆ 24 ನಿಮಿಷದ ವ್ಯತ್ಯಾಸ. ನೆಲದ ಮೇಲಿನ ಸಮಯವನ್ನು ಇದಕ್ಕೆ ಮತ್ತೆ ಕೂಡಿಸಿಕೊಳ್ಳಿ.

ಮಳೆಗಾಲದಲ್ಲಿ ನಮ್ಮ ಕಡೆ ಒಂದು ಸೋಜಿಗ ನಡೆಯುತ್ತದೆ. ನೆಲದ ಹತ್ತಿರ ಗಾಳಿ ಪಶ್ಚಿಮದಿಂದ ಬೀಸಿದರೆ, ತುಂಬಾ ಎತ್ತರದಲ್ಲಿ ಅದು ಪೂರ್ವದಿಂದ ಬೀಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಈ ಪೂರ್ವದ ಜೆಟ್ ಸ್ಟ್ರೀಮ್ ಇರುವುದರಿಂದ, ಚಳಿಗಾಲದ ಲೆಕ್ಕವನ್ನು ಆಗ ಹಾಗೇ ಹಾಕಬಾರದು.

ಈಗ ಸಾಂಬ್ರಾದ ರನ್‌ವೇ ಕಡೆ ಬನ್ನಿ. ಉದ್ದ 2,300 ಮೀಟರ್, ಒಂದು ತುದಿಗೆ 08, ಇನ್ನೊಂದಕ್ಕೆ 26 ಎಂದು ಬರೆದಿದೆ. ದಿಕ್ಸೂಚಿಯಲ್ಲಿ ಉತ್ತರದಿಂದ ಎಣಿಸಿದ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ ಸಂಖ್ಯೆ ಅದು: 08 ಎಂದರೆ ಹೆಚ್ಚು ಕಡಿಮೆ ಪೂರ್ವಕ್ಕೆ ಮುಖ, 26 ಎಂದರೆ ಪಶ್ಚಿಮಕ್ಕೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಳೆಗಾಲದ ಪಶ್ಚಿಮದ ಗಾಳಿಗೆ 26 ಬಳಸಿದಾಗ, ಆಗ್ನೇಯಕ್ಕಿರುವ ಬೆಂಗಳೂರಿಗೆ ಹೊರಟ ವಿಮಾನ ಮೊದಲು ಬೆಳಗಾವಿ ಊರಿನ ದಿಕ್ಕಿಗೆ ಏರಿ, ಆಮೇಲೆ ತಿರುಗಿ ಬರಬೇಕು. ಕೆಲವು ನಿಮಿಷ ಅಲ್ಲೇ ಹೋಗುತ್ತವೆ. ಬೆಂಗಳೂರಿನಿಂದ ಬರುವ ವಿಮಾನಕ್ಕೆ ಅದೇ ಗಾಳಿ ಅನುಕೂಲ, ಪೂರ್ವದ ಕಡೆಯಿಂದಲೇ ಬಂದು ಹೆಚ್ಚು ಸುತ್ತಿಲ್ಲದೆ ಇಳಿಯಬಹುದು. ಗಾಳಿ ಪೂರ್ವದಿಂದ ಬೀಸಿದರೆ ಲಾಭ ನಷ್ಟ ಅದಲು ಬದಲು.

ಮೋಡ ಕೆಳಗಿಳಿದಾಗ, ಅಥವಾ ಮೇಲೆ ಸರದಿ ಇದ್ದಾಗ ವಿಮಾನವನ್ನು ಕಾಯಿಸುತ್ತಾರೆ. 14,000 ಅಡಿಯೊಳಗೆ ಕಾಯುವ ಒಂದು ಸುತ್ತಿಗೆ 4 ನಿಮಿಷ: ಒಂದೊಂದು ನಿಮಿಷದ ಎರಡು ನೇರ ಹಾದಿ, ಒಂದೊಂದು ನಿಮಿಷದ ಎರಡು ತಿರುವು. ಕಿಟಕಿಯಲ್ಲಿ ಅದೇ ಕೆರೆ ಮತ್ತೆ ಮತ್ತೆ ಕಂಡರೆ ಸುತ್ತು ಎಣಿಸಿ, ನಾಲ್ಕರಿಂದ ಗುಣಿಸಿ. ಇಳಿಯಲು ಬಂದು ಮತ್ತೆ ಮೇಲೇರಿದರೆ ಹತ್ತು ಹದಿನೈದು ನಿಮಿಷ ಹಿಡಿಯಿರಿ. ಅದು ಅಪಾಯದ ಲಕ್ಷಣವಲ್ಲ, ಪೈಲಟ್‌ಗಳು ಅಭ್ಯಾಸ ಮಾಡಿರುವ ಎಚ್ಚರಿಕೆಯ ಕ್ರಮ.

ದೂರದ ದೇಶಕ್ಕೆ ಇನ್ನೊಂದು ಅಂಶ ಸೇರುತ್ತದೆ. ಕೆಲವು ದೇಶಗಳ ಆಕಾಶ ಮುಚ್ಚಿರಬಹುದು. ಪಾಕಿಸ್ತಾನ 2019ರ ಫೆಬ್ರವರಿಯಿಂದ ಜುಲೈವರೆಗೆ ತನ್ನ ಆಕಾಶವನ್ನು ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮತ್ತೆ ಮುಚ್ಚಿತು. ಇಂಥ ವೇಳೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ದಾರಿ ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗುತ್ತದೆ. ಮಹಾವೃತ್ತದ ಅಂಕಿಯನ್ನು ಆಗ ಕನಿಷ್ಠ ಮಿತಿ ಎಂದಷ್ಟೇ ನೋಡಬೇಕು.

ಆರನೆಯ ಹಂತ: ಗಡಿಯಾರದ ವ್ಯತ್ಯಾಸ

ಟಿಕೆಟ್ ಮೇಲಿನ ಪ್ರತಿ ಸಮಯವೂ ಆಯಾ ಊರಿನ ಸ್ಥಳೀಯ ಸಮಯ. ಭಾರತಕ್ಕಿಂತ ದುಬೈ, ಮಸ್ಕತ್ ಒಂದೂವರೆ ತಾಸು ಹಿಂದೆ, ದೋಹಾ ಮತ್ತು ರಿಯಾದ್ ಎರಡೂವರೆ ತಾಸು ಹಿಂದೆ, ಸಿಂಗಪುರ ಎರಡೂವರೆ ತಾಸು ಮುಂದೆ. ಲಂಡನ್ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ತಾಸು ಹಿಂದೆ, ಏಕೆಂದರೆ ಅಲ್ಲಿ ಗಡಿಯಾರವನ್ನೇ ತಿರುಗಿಸುತ್ತಾರೆ.

ಬೆಂಗಳೂರಿನಿಂದ ಮುಂಜಾನೆ 10:00ಕ್ಕೆ ಹೊರಟು ದುಬೈಗೆ 12:30ಕ್ಕೆ ತಲುಪುವ ಟಿಕೆಟ್ ಇದ್ದರೆ, ಕಾಣುವ ಎರಡೂವರೆ ತಾಸಿಗೆ ಒಂದೂವರೆ ಕೂಡಿಸಿ: ನಿಜವಾದ ಪ್ರಯಾಣ 4 ತಾಸು. ಬರುವಾಗ ರಾತ್ರಿ 22:30ಕ್ಕೆ ಹೊರಟು 03:55ಕ್ಕೆ ತಲುಪಿದರೆ ಕಾಣುವುದು 5 ತಾಸು 25 ನಿಮಿಷ. ಒಂದೂವರೆ ಕಳೆದರೆ 3 ತಾಸು 55 ನಿಮಿಷ. ಇಳಿಯುವ ಸಮಯದ ಪಕ್ಕದಲ್ಲಿ ಸಣ್ಣದಾಗಿ +1 ಎಂದು ಇರುತ್ತದೆ, ಅಂದರೆ ಮರುದಿನ. ಕರೆತರಲು ಹೋಗುವವರು ಈ +1 ನೋಡದೆ ಒಂದು ದಿನ ಮೊದಲೇ ದೇವನಹಳ್ಳಿಯಲ್ಲಿ ಕಾಯ್ದು ನಿಲ್ಲುವುದುಂಟು. ಮನೆಯವರಿಗೆ ತಾರೀಖನ್ನು ವಾರದ ಹೆಸರು ಸಹಿತ ಹೇಳಿ.

ಏಳನೆಯ ಹಂತ: ಮನೆ ಬಾಗಿಲಿನಿಂದ

ಬಾಗಲಕೋಟೆಯಿಂದ ಸಾಂಬ್ರಾಕ್ಕೆ ನೇರ ಗೆರೆ ಸುಮಾರು 120 ಕಿ.ಮೀ. ಲೋಕಾಪುರ, ಯರಗಟ್ಟಿ, ನೇಸರಗಿ ಮೇಲೆ ಬರುವ ರಸ್ತೆಯಲ್ಲಿ ಒಂದು ಅನುಕೂಲವಿದೆ: ನಿಲ್ದಾಣ ಊರಿಗಿಂತ ಮೊದಲೇ ಸಿಗುತ್ತದೆ, ಬೆಳಗಾವಿಯ ಸಂಚಾರ ದಟ್ಟಣೆಗೆ ಸಿಕ್ಕಬೇಕಿಲ್ಲ. ಕಾರಿಗೆ 3 ತಾಸು ಇಟ್ಟುಕೊಳ್ಳಿ. ಕಬ್ಬು ನುರಿಸುವ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಸಾಲು ಇರುವುದರಿಂದ ಅರ್ಧ ತಾಸು ಹೆಚ್ಚು.

ಈಗ ಬಾಗಲಕೋಟೆಯಿಂದ ಮೆಜೆಸ್ಟಿಕ್‌ಗೆ ಪೂರ್ತಿ ಕೂಡಿಸೋಣ. ರಸ್ತೆ 3 ತಾಸು. ನಿಲ್ದಾಣದಲ್ಲಿ ಒಂದೂವರೆ ತಾಸು (ಬ್ಯಾಗ್ ಕೊಡುವ ಕೌಂಟರ್ ಹೊರಡುವುದಕ್ಕೆ ಒಂದು ತಾಸು ಮೊದಲೇ ಮುಚ್ಚುವುದು ಸಾಮಾನ್ಯ, ನಿಮ್ಮ ಟಿಕೆಟ್‌ನ ನಿಯಮ ಓದಿ). ಹಾರಾಟ 1 ತಾಸು 10 ನಿಮಿಷ. ಇಳಿದು ಬ್ಯಾಗ್ ಸಿಗಲು ಅರ್ಧ ತಾಸು. ದೇವನಹಳ್ಳಿಯಿಂದ ಮೆಜೆಸ್ಟಿಕ್ 1 ತಾಸು 15 ನಿಮಿಷ. ಒಟ್ಟು 7 ತಾಸು 25 ನಿಮಿಷ. ಇದರಲ್ಲಿ ಗಾಳಿಯಲ್ಲಿ ಇರುವುದು ಒಂದು ತಾಸಿನಷ್ಟೂ ಇಲ್ಲ. ರಾತ್ರಿ ಬಸ್ಸಿಗಿಂತ ಉಳಿಯುವುದು ಎರಡು ತಾಸಿನ ಆಸುಪಾಸು, ಅದೂ ಹಗಲು ಕಳೆದುಕೊಂಡು. ಒಂದೇ ದಿನದ ಬೆಂಗಳೂರು ಕೆಲಸಕ್ಕೆ ಬಾಗಲಕೋಟೆಯವರಿಗೆ ಬಸ್ಸೋ ರೈಲೋ ವಾಸಿ. ದೆಹಲಿಗಾದರೆ ಮಾತೇ ಬೇರೆ. ಅಲ್ಲಿ ವಿಮಾನ ಪೂರ್ತಿ ಒಂದು ದಿನ ಉಳಿಸುತ್ತದೆ.

ವಿಜಯಪುರದವರು ಮೂರು ನಿಲ್ದಾಣಗಳನ್ನು ತೂಗಿ ನೋಡಬೇಕು. ನೇರ ಗೆರೆಯಲ್ಲಿ ಕಲಬುರಗಿ 143, ಬೆಳಗಾವಿ 159, ಹುಬ್ಬಳ್ಳಿ 176 ಕಿ.ಮೀ. ಇವನ್ನು ರಸ್ತೆಯ ದೂರ ಮಾಡಲು 1.1ರಿಂದ 1.3ರವರೆಗೆ ಗುಣಿಸಿ: ಹುಬ್ಬಳ್ಳಿಯಂತೆ ನೇರ ಹೆದ್ದಾರಿ ಇದ್ದರೆ ಕಡಿಮೆ, ಊರೂರು ಸುತ್ತುವ ರಾಜ್ಯ ಹೆದ್ದಾರಿಗೆ ಹೆಚ್ಚು. ಹತ್ತಿರವಿದೆ ಎಂದು ಕಲಬುರಗಿಯನ್ನೇ ಹಿಡಿಯುವ ಮೊದಲು ನಿಮಗೆ ಬೇಕಾದ ವಾರಕ್ಕೆ, ಬೇಕಾದ ಊರಿಗೆ ಅಲ್ಲಿಂದ ವಿಮಾನ ಉಂಟೇ ಎಂದು ನೋಡಿ. ಹೊತ್ತಿಗೆ ಸರಿಯಾದ ವಿಮಾನ ಇರುವ ನಿಲ್ದಾಣ 40 ಕಿ.ಮೀ. ಹೆಚ್ಚು ದೂರವಿದ್ದರೂ ಅದೇ ಒಳ್ಳೆಯದು.

ಬೆಂಗಳೂರಿನಲ್ಲಿ ವಿಮಾನ ಬದಲಿಸಿ ವಿದೇಶಕ್ಕೆ ಹೋಗುವವರು ಎರಡೂ ಹಾರಾಟವನ್ನು ಒಂದೇ ಟಿಕೆಟ್‌ನಲ್ಲಿ ತೆಗೆಸಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ಹೊರಗೆ ತಂದು ಮತ್ತೆ ಕೊಡಬೇಕು, ಟರ್ಮಿನಲ್ ಕೂಡ ಬದಲಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ. ಹಾಗೆ ತೆಗೆಯಲೇಬೇಕಾದರೆ ನಡುವೆ ಕನಿಷ್ಠ 5 ತಾಸು ಬಿಡಿ, ಸಾಂಬ್ರಾದಲ್ಲಿ ಮೋಡ ಕವಿದ ಜುಲೈ, ಆಗಸ್ಟ್ ತಿಂಗಳಾದರೆ ಹಿಂದಿನ ದಿನದ ವಿಮಾನಕ್ಕೇ ಹೊರಡಿ.